ನಾಬೋತನ ದ್ರಾಕ್ಷಾತೋಟ ಮತ್ತು ಕಪ್ಪತಗುಡ್ಡ: ಪ್ರಜಾಪ್ರಭುತ್ವದ ಸತ್ಸಂಪ್ರದಾಯಗಳನ್ನು ಕುರಿತು

ಪ್ರಜಾಪ್ರಭುತ್ವಕ್ಕೆ ಅಪಾಯ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಮನಸ್ಸಿಗೆ ಬರುವುದು ಬೀದಿಗಿಳಿದ ಸೈನ್ಯ, ಬೀಗ ಬಿದ್ದ ಪತ್ರಿಕಾ ಕಚೇರಿ, 1975ರ ತುರ್ತು ಪರಿಸ್ಥಿತಿ. ಇಂತಹ ಅಪಾಯ ಎಲ್ಲರಿಗೂ ಕಾಣುವಂಥದು. ಕಾಣದಂತೆ ಒಳಗಿನಿಂದ ಸವೆಯಿಸುವ ಅಪಾಯ ಇನ್ನೊಂದಿದೆ. ಸಭೆ ನಡೆಯುತ್ತದೆ, ನೋಟಿಸು ಅಂಟಿಸಲ್ಪಡುತ್ತದೆ, ಠರಾವಿನ ಪುಸ್ತಕದಲ್ಲಿ ಸಹಿ ಬೀಳುತ್ತದೆ. ಆದರೆ ಯಾರ ಮಾತನ್ನೂ ಯಾರೂ ಆಲಿಸಿರುವುದಿಲ್ಲ. ರೂಪ ಉಳಿದು ಆತ್ಮ ಹೋದ ಈ ಸ್ಥಿತಿಯನ್ನು ದೇವಶಾಸ್ತ್ರದ ಬೆಳಕಿನಲ್ಲಿ ಅರಿಯುವುದು ಹೇಗೆ, ಅದರ ಮುಂದೆ ನಾಗರಿಕರೂ ಯಾಜಕರೂ ಮಾಡಬೇಕಾದುದೇನು ಎಂಬುದನ್ನು ಗದಗ ಜಿಲ್ಲೆಯ ಎರಡು ಪ್ರಸಂಗಗಳ ಆಧಾರದಿಂದ ಇಲ್ಲಿ ವಿವೇಚಿಸುತ್ತೇವೆ.

1. ಕಾನೂನು ಮತ್ತು ಸತ್ಸಂಪ್ರದಾಯ

ಕಾನೂನು ಬರೆಯಲ್ಪಟ್ಟದ್ದು. ಆ ಕಾನೂನನ್ನು ಅದರ ಉದ್ದೇಶಕ್ಕೆ ತಕ್ಕಂತೆ ನಡೆಸುವ ಅಭ್ಯಾಸವೇ ಸತ್ಸಂಪ್ರದಾಯ. ಡಾ. ಅಂಬೇಡ್ಕರ್ ಅವರು 1948ರ ನವೆಂಬರ್ 4ರಂದು ಸಂವಿಧಾನ ರಚನಾ ಸಭೆಯಲ್ಲಿ ಕರಡನ್ನು ಮಂಡಿಸುವಾಗ ಇದನ್ನೇ ಸಂವಿಧಾನಾತ್ಮಕ ನೈತಿಕತೆ ಎಂದು ಕರೆದರು. ಅದು ತಾನಾಗಿ ಹುಟ್ಟುವ ಭಾವನೆಯಲ್ಲ, ಬೆಳೆಸಬೇಕಾದದ್ದು ಎಂದರು. ಸಂವಿಧಾನದ ಒಂದಕ್ಷರವನ್ನೂ ತಿದ್ದದೆ ಕೇವಲ ಆಡಳಿತದ ರೀತಿಯನ್ನು ಬದಲಿಸಿ ಅದನ್ನು ಕೆಡಿಸಬಹುದು ಎಂಬ ಎಚ್ಚರಿಕೆಯನ್ನೂ ಅಂದೇ ಕೊಟ್ಟರು.

ಈ ಎಚ್ಚರಿಕೆ ನಮ್ಮ ಕಾಲದಲ್ಲಿ ಹೇಗೆ ನಿಜವಾಗುತ್ತಿದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಪಂಚಾಯತಿಗಳ ಅವಧಿ ಐದು ವರ್ಷ, ಅದು ಮುಗಿಯುವುದರೊಳಗೆ ಚುನಾವಣೆ ನಡೆಯಬೇಕು ಎಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. ಕರ್ನಾಟಕದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿಗಳಿಗೆ 2016ರಲ್ಲಿ ಚುನಾವಣೆ ನಡೆದು, 2021ರಲ್ಲಿ ಅವಧಿ ಮುಗಿಯಿತು. ಆ ಬಳಿಕ ಕ್ಷೇತ್ರ ವಿಂಗಡಣೆ, ಮೀಸಲಾತಿ ಎಂಬ ಕಾರಣಗಳಿಂದ ಚುನಾವಣೆ ವರ್ಷಗಟ್ಟಲೆ ಮುಂದೆ ಹೋಯಿತು. ಈ ಅವಧಿಯಲ್ಲಿ ಬೇರೆ ಬೇರೆ ಪಕ್ಷಗಳು ಅಧಿಕಾರದಲ್ಲಿದ್ದವು. ಆದುದರಿಂದ ಇದು ಒಂದು ಪಕ್ಷದ ಮೇಲೆ ಹೊರಿಸುವ ದೋಷವಲ್ಲ. ಪ್ರತಿಯೊಂದು ಕಾರಣಕ್ಕೂ ಕಾನೂನಿನ ಆಧಾರವಿರಬಹುದು. ಆದರೂ ಒಟ್ಟಾರೆ ಫಲವೇನು? ಜನರು ಆರಿಸಿದವರು ಕೂರಬೇಕಾದ ಕುರ್ಚಿಯಲ್ಲಿ ಆಡಳಿತಾಧಿಕಾರಿ ಕುಳಿತರು. ಬೀದಿಯಲ್ಲಿ ಯಾರೂ ಕೂಗಲಿಲ್ಲ. ಸತ್ಸಂಪ್ರದಾಯ ಸವೆಯುವ ರೀತಿಯೇ ಹೀಗೆ.

2. ಜೆಸ್ರೀಲಿನ ಹಿರಿಯರ ಸಭೆ

ಪವಿತ್ರ ಗ್ರಂಥದಲ್ಲಿ ಈ ವಿಷಯಕ್ಕೆ ಅತ್ಯಂತ ಹತ್ತಿರವಾದ ಪ್ರಸಂಗ ನಾಬೋತನದು (1 ಅರಸುಗಳು 21). ಇದನ್ನು ನಾವು ಸಾಮಾನ್ಯವಾಗಿ ದುರಾಶೆ ಮತ್ತು ಕೊಲೆಯ ಕಥೆಯಾಗಿ ಬೋಧಿಸುತ್ತೇವೆ. ಆದರೆ ಆ ಕೊಲೆ ನಡೆದ ಬಗೆಯನ್ನು ಗಮನಿಸಿ. ಅರಸ ಅಹಾಬ ಮೊದಲು ದ್ರಾಕ್ಷಾತೋಟಕ್ಕೆ ಬೆಲೆ ಕಟ್ಟುತ್ತಾನೆ. ಬದಲಿಗೆ ಇನ್ನೂ ಒಳ್ಳೆಯ ತೋಟ ಕೊಡುವೆನೆನ್ನುತ್ತಾನೆ. ಪಿತ್ರಾರ್ಜಿತ ಸೊತ್ತನ್ನು ಕೊಡಲಾರೆನೆಂದು ನಾಬೋತ ಹೇಳಿದಾಗ, ಇಸ್ರಯೇಲಿನ ಅರಸನಿಗೂ ಅದನ್ನು ಕಸಿದುಕೊಳ್ಳುವ ಅಧಿಕಾರವಿಲ್ಲ. ಅವನು ಮುಖ ತಿರುಗಿಸಿ ಮಲಗುತ್ತಾನೆ.

ಈಜೆಬೆಲಳು ಸೈನ್ಯವನ್ನು ಕಳುಹಿಸುವುದಿಲ್ಲ. ಪತ್ರ ಬರೆದು ಅರಸನ ಮುದ್ರೆ ಒತ್ತುತ್ತಾಳೆ, ಉಪವಾಸವನ್ನು ಸಾರಿಸುತ್ತಾಳೆ, ಊರ ಹಿರಿಯರ ಸಭೆ ಕರೆಸುತ್ತಾಳೆ, ಧರ್ಮಶಾಸ್ತ್ರ ವಿಧಿಸಿದಂತೆ ಇಬ್ಬರು ಸಾಕ್ಷಿಗಳನ್ನು ನಿಲ್ಲಿಸುತ್ತಾಳೆ. ಆರೋಪ ದೈವದೂಷಣೆ, ಶಿಕ್ಷೆ ಶಾಸ್ತ್ರೋಕ್ತ. ವಿಧಿವಿಧಾನದಲ್ಲಿ ಹುಡುಕಿದರೂ ಲೋಪ ಸಿಗದು. ಲೋಪವಿರುವುದು ಒಂದೇ ಕಡೆ: ಆ ಸಭೆಯಲ್ಲಿ ನಾಬೋತನ ಮಾತು ಕೇಳಿಬರುವುದಿಲ್ಲ.

ಇದರಲ್ಲಿ ನಮ್ಮನ್ನು ಹೆಚ್ಚು ಕಾಡಬೇಕಾದವರು ಅಹಾಬ, ಈಜೆಬೆಲರಿಗಿಂತ ಜೆಸ್ರೀಲಿನ ಹಿರಿಯರು. ನಾಬೋತ ಅವರ ಊರಿನವನೇ. ಪತ್ರದಲ್ಲಿ ಬರೆದಿದ್ದಂತೆಯೇ ಅವರು ನಡೆದುಕೊಂಡರೆಂದು ಗ್ರಂಥಕರ್ತ ಒತ್ತಿ ಹೇಳುತ್ತಾನೆ. ಅವರಲ್ಲಿ ಒಬ್ಬನಾದರೂ ಎದ್ದು ಪ್ರಶ್ನೆ ಕೇಳಿದ್ದರೆ ಪತ್ರ ಬರಿಯ ಪತ್ರವಾಗಿ ಉಳಿಯುತ್ತಿತ್ತು.

ಇದಕ್ಕೆ ಪ್ರತಿಯಾದ ಚಿತ್ರ ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯದಲ್ಲಿದೆ. ದಿನನಿತ್ಯದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸಲಾಗುತ್ತಿದೆಯೆಂದು ಗ್ರೀಕ್ ಮಾತನಾಡುವವರು ಗೊಣಗುತ್ತಾರೆ. ಪ್ರೇಷಿತರು ಆ ಗೊಣಗನ್ನು ದ್ರೋಹವೆಂದು ಬಗೆಯಲಿಲ್ಲ. ಶಿಷ್ಯಸಮುದಾಯವನ್ನೆಲ್ಲ ಕರೆದರು, ಆಯ್ಕೆಯನ್ನು ಸಮುದಾಯಕ್ಕೇ ಬಿಟ್ಟರು. ಆರಿಸಲ್ಪಟ್ಟ ಏಳು ಮಂದಿಯ ಹೆಸರುಗಳೂ ಗ್ರೀಕ್ ಹೆಸರುಗಳೇ. ಜೆಸ್ರೀಲಿನಲ್ಲಿ ಸಭೆ ಕೂಡಿತು, ಯಾರನ್ನೂ ಆಲಿಸಲಿಲ್ಲ. ಜೆರುಸಲೇಮಿನಲ್ಲಿ ಮೊದಲು ಆಲಿಸಿದರು, ಅದಕ್ಕಾಗಿ ಸಭೆ ಕೂಡಿತು.

3. ಹಳ್ಳಿಗುಡಿ ಮತ್ತು ಕಪ್ಪತಗುಡ್ಡ

ಈ ಎರಡು ಚಿತ್ರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಗದಗ ಸೀಮೆಗೆ ಬರೋಣ. 2010ರ ಜೂನ್ ತಿಂಗಳಲ್ಲಿ ಕರ್ನಾಟಕ ಸರ್ಕಾರವು ದಕ್ಷಿಣ ಕೊರಿಯಾದ ಪೋಸ್ಕೊ ಸಂಸ್ಥೆಯೊಡನೆ ಉಕ್ಕಿನ ಕಾರ್ಖಾನೆಯ ಒಪ್ಪಂದ ಮಾಡಿಕೊಂಡಿತು. ಹೂಡಿಕೆ 32,336 ಕೋಟಿ ರೂಪಾಯಿ ಎಂದು ಹೇಳಲಾಯಿತು. ಅದಕ್ಕೆ ಗೊತ್ತುಮಾಡಿದ್ದು ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿ ಪರಿಸರದ ಮೂರು ಸಾವಿರ ಎಕರೆಗೂ ಮೀರಿದ ಭೂಮಿಯನ್ನು. ನೌಕರಿ ಬಂದೀತೆಂದು ಆಸೆಪಟ್ಟವರೂ ಇದ್ದರು. ಆ ಆಸೆಯನ್ನು ಹಗುರವಾಗಿ ಕಾಣುವುದು ತರವಲ್ಲ, ಏಕೆಂದರೆ ಮಳೆಯನ್ನೇ ನಂಬಿದ ಈ ಬಯಲುಸೀಮೆಯಿಂದ ಗುಳೆ ಹೋಗುವವರು ಇಂದಿಗೂ ಇದ್ದಾರೆ. ಆದರೆ ಎರಿಭೂಮಿಯನ್ನು ಬಿಡಲಾರೆವೆಂದ ರೈತರ ದನಿ ಬಲವಾಗಿತ್ತು. ಡಂಬಳ-ಗದಗ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಮಹಾಸ್ವಾಮಿಗಳು ಅವರ ಮುಂದೆ ನಿಂತರು. 2011ರ ಜುಲೈಯಲ್ಲಿ ಅಂದಿನ ಮುಖ್ಯಮಂತ್ರಿಗಳು ಭೂಸ್ವಾಧೀನವನ್ನು ನಿಲ್ಲಿಸಲು ಸೂಚಿಸಿದರು.

ಎರಡನೆಯ ಪ್ರಸಂಗ ಕಪ್ಪತಗುಡ್ಡದ್ದು. ಗದಗದಿಂದ ಮುಂಡರಗಿಯ ಕಡೆಗೆ ಹೋಗುವವರಿಗೆ ಬಲಗಡೆ ಕಾಣುವ ಈ ಬೆಟ್ಟಸಾಲು ಗದಗ, ಮುಂಡರಗಿ, ಶಿರಹಟ್ಟಿ ಸೀಮೆಗಳಲ್ಲಿ ಹರಡಿದೆ. ಔಷಧೀಯ ಸಸ್ಯಗಳಿಗೆ ಹೆಸರಾಗಿದೆ. ಅದರ ಒಡಲಲ್ಲಿ ಚಿನ್ನದ ಅದಿರೂ ಇದೆ. 2015ರ ಡಿಸೆಂಬರಿನಲ್ಲಿ ಸರ್ಕಾರ ಇದನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. 2016ರ ನವೆಂಬರಿನಲ್ಲಿ ಆ ಘೋಷಣೆಯನ್ನೇ ಹಿಂಪಡೆಯಿತು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 36ಎ ಪ್ರಕರಣದಂತೆ ಇಂತಹ ಘೋಷಣೆಗೆ ಮೊದಲು ಸ್ಥಳೀಯ ಸಮುದಾಯಗಳೊಡನೆ ಸಮಾಲೋಚನೆ ನಡೆಯಬೇಕು. ಅದು ನಡೆದಿಲ್ಲವೆಂಬುದು ಹಿಂಪಡೆತಕ್ಕೆ ಮುಂದಿಟ್ಟ ಕಾರಣಗಳಲ್ಲೊಂದು.

ಇಲ್ಲಿ ನಿಂತು ಯೋಚಿಸಬೇಕು. ಜನರನ್ನು ಕೇಳಬೇಕೆಂಬ ನಿಯಮ ಜನರ ರಕ್ಷಣೆಗಾಗಿ ಇದೆ. ಅದೇ ನಿಯಮ ಜನರ ಇಚ್ಛೆಗೆ ವಿರುದ್ಧವಾಗಿಯೂ ಬಳಕೆಗೆ ಬರಬಹುದು. ಈಜೆಬೆಲಳು ಇಬ್ಬರು ಸಾಕ್ಷಿಗಳ ನಿಯಮವನ್ನು ಬಳಸಿಕೊಂಡದ್ದೂ ಹೀಗೆಯೇ. ನಾವು ಎರಡು ಪ್ರಸಂಗಗಳನ್ನೂ ಸರಿಸಮವೆನ್ನುತ್ತಿಲ್ಲ; ಇಲ್ಲಿ ಯಾರ ಪ್ರಾಣಹರಣವೂ ನಡೆಯಲಿಲ್ಲ, ಯಾರ ಮನಸ್ಸಿನ ಉದ್ದೇಶಕ್ಕೂ ನಾವು ತೀರ್ಪುಗಾರರಲ್ಲ. ನಾವು ಹೇಳುವುದಿಷ್ಟೆ: ನಿಯಮವೊಂದು ತನ್ನ ಉದ್ದೇಶಕ್ಕೇ ತಿರುಗಿಬೀಳದಂತೆ ಕಾಯುವುದು ಆ ನಿಯಮದ ಅಕ್ಷರವಲ್ಲ, ಎಚ್ಚೆತ್ತ ಜನ.

ಜನ ಎಚ್ಚೆತ್ತರು. ನಿಮಗೆ ಸಮಾಲೋಚನೆ ಬೇಕಾದರೆ ಇಗೋ ನಾವಿದ್ದೇವೆ, ಕೇಳಿ ಎಂಬುದೇ ಅವರ ಉತ್ತರದ ಸಾರ. 2017ರ ಫೆಬ್ರವರಿಯಲ್ಲಿ ತೋಂಟದ ಸ್ವಾಮಿಗಳ ನೇತೃತ್ವದಲ್ಲಿ ಗದಗಿನಲ್ಲಿ ಧರಣಿ ನಡೆಯಿತು. ಏಪ್ರಿಲಿನಲ್ಲಿ ಸಂರಕ್ಷಿತ ಪ್ರದೇಶದ ಸ್ಥಾನ ಮರಳಿ ದೊರೆಯಿತು. 2019ರ ಮೇ ತಿಂಗಳಲ್ಲಿ 244 ಚದರ ಕಿಲೋಮೀಟರಿಗೂ ಹೆಚ್ಚು ಪ್ರದೇಶ ವನ್ಯಜೀವಿಧಾಮವಾಯಿತು. ಅದನ್ನು ಕಾಣಲು ಸ್ವಾಮಿಗಳು ಇರಲಿಲ್ಲ. 2018ರ ಅಕ್ಟೋಬರ್ 20ರಂದು ಲಿಂಗೈಕ್ಯರಾಗಿದ್ದರು.

ಒಂದು ಘೋಷಣೆ ಬಂತು, ಹೋಯಿತು, ಮತ್ತೆ ಬಂತು. ಪ್ರಜಾಪ್ರಭುತ್ವದಲ್ಲಿ ಯಾವ ಜಯವೂ ಶಾಶ್ವತವಲ್ಲ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಕಲಿಸುವ ಪಾಠ ಬೇಕಿಲ್ಲ.

4. ಧರ್ಮಸಭೆಯ ಬೋಧನೆ

ಹನ್ನೆರಡನೆಯ ಪಿಯುಸ್ ಜಗದ್ಗುರುಗಳು ಮಹಾಯುದ್ಧದ ನಡುವೆ 1944ರಲ್ಲಿ ನೀಡಿದ ಕ್ರಿಸ್ತಜಯಂತಿಯ ಸಂದೇಶದಲ್ಲಿ ಜನತೆ ಮತ್ತು ಜನಜಂಗುಳಿಯ ನಡುವಿನ ಭೇದವನ್ನು ವಿವರಿಸಿದರು. ಜನತೆ ತನ್ನೊಳಗಿನ ಚೈತನ್ಯದಿಂದ ನಡೆಯುತ್ತದೆ, ಅಲ್ಲಿ ಪ್ರತಿಯೊಬ್ಬನಿಗೂ ತನ್ನ ಹೊಣೆಯ ಅರಿವಿರುತ್ತದೆ. ಜಂಗುಳಿಗೆ ಚಲನೆ ಹೊರಗಿನಿಂದ ಬರುತ್ತದೆ, ದೂಡಿದತ್ತ ಅದು ಸಾಗುತ್ತದೆ. ನೋಟಿಗೆ ಮತ ಮಾರುವುದು, ಜಾತಿಯ ಹೆಸರಿಗೆ ಮತ ಒತ್ತುವುದು, ಮೊಬೈಲಿಗೆ ಬಂದ ಸುಳ್ಳನ್ನು ವಿಚಾರಿಸದೆ ಮುಂದೆ ಕಳುಹಿಸುವುದು ಇವೆಲ್ಲ ಜನತೆ ಜಂಗುಳಿಯಾಗುವ ಹಾದಿಗಳು.

ಹನ್ನೊಂದನೆಯ ಪಿಯುಸರು 1931ರಲ್ಲಿ ಸ್ಪಷ್ಟಪಡಿಸಿದ ಇನ್ನೊಂದು ತತ್ತ್ವವಿದೆ: ಕೆಳಗಿನ ಸಮುದಾಯ ತಾನೇ ಮಾಡಬಲ್ಲ ಕೆಲಸವನ್ನು ಮೇಲಿನದು ಕಸಿದುಕೊಳ್ಳಬಾರದು. ಗ್ರಾಮಸಭೆಯ ದೇವಶಾಸ್ತ್ರೀಯ ನೆಲೆ ಇದೇ. ಎರಡನೇ ಜಾನ್ ಪೌಲರು 1991ರ ವಿಶ್ವಪತ್ರದಲ್ಲಿ, ಮೌಲ್ಯಗಳಿಲ್ಲದ ಪ್ರಜಾಪ್ರಭುತ್ವ ಬಹಿರಂಗವಾಗಿಯೋ ಮರೆಯಾಗಿಯೋ ನಿರಂಕುಶತ್ವಕ್ಕೆ ತಿರುಗೀತೆಂದು ಎಚ್ಚರಿಸಿದರು. ಫ್ರಾನ್ಸಿಸ್ ಜಗದ್ಗುರುಗಳ 2015ರ ವಿಶ್ವಪತ್ರವಂತೂ ಕಪ್ಪತಗುಡ್ಡದ ಜನರಿಗೇ ಬರೆದಂತಿದೆ: ಪರಿಸರದ ಮೇಲೆ ಪರಿಣಾಮ ಬೀರುವ ಯೋಜನೆಗಳ ಚರ್ಚೆಯಲ್ಲಿ ಸ್ಥಳೀಯ ನಿವಾಸಿಗಳಿಗೆ ವಿಶೇಷ ಸ್ಥಾನವಿರಬೇಕೆಂದು ಅದು ಬೋಧಿಸುತ್ತದೆ.

5. ನಾಗರಿಕರು ಮಾಡಬಹುದಾದುದು

ಮೊದಲನೆಯದು, ಹಾಜರಾತಿ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕೆಂದು ನಮ್ಮ ಪಂಚಾಯತ್ ರಾಜ್ ಕಾಯ್ದೆ ಹೇಳುತ್ತದೆ. ಖಾಲಿ ಗ್ರಾಮಸಭೆಯಲ್ಲಿ ಬರೆದ ಠರಾವು ಊರಿನ ಹೆಸರಿನಲ್ಲಿಯೇ ಚಲಾವಣೆಯಾಗುತ್ತದೆ. ಎರಡನೆಯದು, ದಾಖಲೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಠರಾವಿನ ಪ್ರತಿ ಕೇಳುವುದು ಯಾರ ವಿರುದ್ಧದ ಯುದ್ಧವೂ ಅಲ್ಲ. ಪತ್ರದ ಮೇಲಿನ ಮುದ್ರೆ ಯಾರದೆಂದು ವಿಚಾರಿಸುವ ನಾಗರಿಕ ಧರ್ಮ. ಮೂರನೆಯದು, ಕೂಡಿ ನಡೆಯುವುದು. ಸಮಾನ ಮತದ ಪಾಠಶಾಲೆಗಳು ಈ ನೆಲದಲ್ಲಿ ಹಳೆಯವು. ಗದಗಿನ ಸಮೀಪದ ಕಣಗಿನಹಾಳದಲ್ಲಿ 1905ರಲ್ಲಿಯೇ ಸಿದ್ದನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದರು. ಇದೇ ನೆಲದ ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುತ್ತಾರೆ. ಲಕ್ಷ್ಮೇಶ್ವರದಲ್ಲಿ ಸೋಮೇಶ್ವರನ ಗುಡಿ, ಜೈನ ಬಸದಿ, ದರ್ಗಾಗಳು ಒಂದೇ ಊರನ್ನು ಹಂಚಿಕೊಂಡಿವೆ. ನೆರೆಯವನನ್ನು ವೈರಿಯೆಂದು ನಂಬಿಸಿದಲ್ಲಿ ಊರು ಒಟ್ಟಾಗಿ ಪ್ರಶ್ನೆ ಕೇಳುವ ಶಕ್ತಿ ಕಳೆದುಕೊಳ್ಳುತ್ತದೆ.

6. ಯಾಜಕರ ಪಾತ್ರ ಮತ್ತು ಮಿತಿ

ನಾಗರಿಕ ಅಧಿಕಾರ ಚಲಾಯಿಸುವ ಸಾರ್ವಜನಿಕ ಹುದ್ದೆಯನ್ನು ಯಾಜಕರು ವಹಿಸಿಕೊಳ್ಳಬಾರದೆಂದು ಧರ್ಮಸಭೆಯ ಕಾನೂನು ಸಂಹಿತೆಯ 285ನೆಯ ನಿಯಮವೂ, ರಾಜಕೀಯ ಪಕ್ಷಗಳಲ್ಲಿ ಸಕ್ರಿಯರಾಗಬಾರದೆಂದು 287ನೆಯದೂ ವಿಧಿಸುತ್ತವೆ. ಅದೇ 287ನೆಯ ನಿಯಮ ನ್ಯಾಯಾಧಾರಿತ ಶಾಂತಿ ಸೌಹಾರ್ದವನ್ನು ಬೆಳೆಸುವ ಹೊಣೆಯನ್ನೂ ನಮ್ಮ ಮೇಲೆ ಇಟ್ಟಿದೆ. ಆದುದರಿಂದ ಪ್ರಬೋಧನೆಯಲ್ಲಿ ಅಭ್ಯರ್ಥಿಯ ಹೆಸರು ಬಾರದು. ಮತ ಮಾರುವುದು ಪಾಪವೆಂಬ ಮಾತು ಬರಲೇಬೇಕು.

1841ರಲ್ಲಿ ಬಾಸೆಲ್ ಮಿಷನ್ ಬೆಟಗೇರಿಯಲ್ಲಿ ನೆಲೆಯೂರಿತು; ಅಂದಿನಿಂದಲೂ ಈ ಭಾಗದಲ್ಲಿ ಕ್ರೈಸ್ತರು ಅಲ್ಪಸಂಖ್ಯಾತರೇ. ಅಲ್ಪರಿಗೆ ಎರಡು ಶೋಧನೆಗಳು: ಸುಮ್ಮನಿರುವುದು, ಇಲ್ಲವೇ ತಮಗೆ ನೋವಾದಾಗ ಮಾತ್ರ ಕೂಗುವುದು. 2022ರ ಮೇ ತಿಂಗಳಲ್ಲಿ ಮತಾಂತರ ನಿಷೇಧದ ಶಾಸನ ವಿಧಾನ ಪರಿಷತ್ತಿನ ಅನುಮೋದನೆಗೆ ಕಾಯದೆ ಸುಗ್ರೀವಾಜ್ಞೆಯಾಗಿ ಬಂದಾಗ, ಸದನದ ಚರ್ಚೆ ತಪ್ಪಿತೆಂದು ನಾವು ನೊಂದೆವು. ಆ ನೋವು ನ್ಯಾಯವಾದದ್ದು. ಆದರೆ ಹಳ್ಳಿಗುಡಿಯ ರೈತನ ಮಾತನ್ನು ಕೇಳದೆ ಭೂಮಿ ಗೊತ್ತುಮಾಡಿದಾಗ ಅಷ್ಟೇ ನೊಂದೆವೇ? ಈ ಆತ್ಮಶೋಧನೆಯಿಲ್ಲದೆ ನಮ್ಮ ಪ್ರಜಾಪ್ರಭುತ್ವದ ಮಾತು ಸ್ವಾರ್ಥದ ಮಾತಾಗಿಯೇ ಕೇಳಿಸುತ್ತದೆ.

ಇನ್ನೂ ಹತ್ತಿರದ ಪ್ರಶ್ನೆಯೊಂದಿದೆ. ನಮ್ಮ ಧರ್ಮಕೇಂದ್ರಗಳ ಪಾಲನಾ ಪರಿಷತ್ತುಗಳಲ್ಲಿ ಶ್ರೀಸಾಮಾನ್ಯರು ನಿಜವಾಗಿ ಮಾತನಾಡುತ್ತಾರೆಯೇ, ಅಥವಾ ನಾವು ಮೊದಲೇ ಬರೆದ ಪತ್ರಕ್ಕೆ ಜೆಸ್ರೀಲಿನ ಹಿರಿಯರಂತೆ ತಲೆಯಾಡಿಸುತ್ತಾರೆಯೇ? ಹಣಕಾಸಿನ ಸಮಿತಿಯಲ್ಲಿ ಪ್ರಶ್ನೆ ಕೇಳಿದವನನ್ನು ವಿರೋಧಿಯೆಂದು ಬಗೆಯುವ ಗುರುವು ಗ್ರಾಮಸಭೆಯಲ್ಲಿ ಪ್ರಶ್ನೆ ಕೇಳಿರೆಂದು ಜನರಿಗೆ ಹೇಗೆ ಬೋಧಿಸಬಲ್ಲನು? ಗುರುಮಠದಲ್ಲಿರುವ ಸಹೋದರರು ಆಲಿಸುವ ಈ ಶಿಸ್ತನ್ನು ಇಲ್ಲಿಯೇ, ಊಟದ ಮೇಜಿನಲ್ಲಿ, ತರಗತಿಯಲ್ಲಿ, ಸಮುದಾಯದ ಸಭೆಯಲ್ಲಿ ಕಲಿಯಬೇಕು.

ಎಲೀಯನು ಬಂದದ್ದು ನಾಬೋತ ಸತ್ತ ಮೇಲೆ. ಪ್ರವಾದಿಯ ಖಂಡನೆ ನ್ಯಾಯವನ್ನು ಸಾರಿತು, ನಾಬೋತನನ್ನು ಬದುಕಿಸಲಿಲ್ಲ. ಸಭೆ ಕೂಡಿರುವಾಗಲೇ ಎದ್ದು ನಿಲ್ಲುವ ಹಿರಿಯರನ್ನು ರೂಪಿಸುವುದು ನಮ್ಮ ಪಾಲಿಗೆ ಬಂದ ಸೇವೆ.