ಗಲ್ಲಾದ ಹಿಂದಿರುವುದು ಒಂದೇ ತಲೆ

ನಲವತ್ತು ಲಕ್ಷ ರೂಪಾಯಿ ವಹಿವಾಟು ಎಂದೊಡನೆ ದೊಡ್ಡ ವರ್ತಕನೊಬ್ಬನ ಚಿತ್ರ ಕಣ್ಣಮುಂದೆ ನಿಲ್ಲುತ್ತದೆ. ಅದನ್ನೇ ವರ್ಷದ 365 ದಿನಗಳಿಗೆ ಹಂಚಿ ನೋಡಿದರೆ ದಿನಕ್ಕೆ ಹನ್ನೊಂದು ಸಾವಿರಕ್ಕಿಂತ ತುಸು ಕಡಿಮೆ. ಬೆಳಗಿನ ಹಾಲು, ಬ್ರೆಡ್ಡು, ಸಿಗರೇಟು, ಸಂಜೆಯ ಕುರುಕಲು ತಿಂಡಿ ಮಾರುವ ಕಾಂಡಿಮೆಂಟ್ಸ್ ಅಂಗಡಿಗೆ ಈ ಮೊತ್ತ ಮುಟ್ಟುವುದು ಕಷ್ಟವಲ್ಲ. ಅದರಲ್ಲಿ ಅಂಗಡಿಯವನ ಕೈಯಲ್ಲಿ ಉಳಿಯುವುದೆಷ್ಟು ಎಂಬುದು ಬೇರೆ ಮಾತು. ಸರಕು ಮಾತ್ರ ಮಾರುವವರು ಜಿಎಸ್‌ಟಿ ನೋಂದಣಿ ಮಾಡಿಸಬೇಕಾದ ಮಿತಿ ಇದೇ ನಲವತ್ತು ಲಕ್ಷ. ಸೇವೆ ಒದಗಿಸುವವರಿಗೆ ಇಪ್ಪತ್ತು ಲಕ್ಷ. 2025ರ ಜುಲೈ ತಿಂಗಳಲ್ಲಿ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳ ನಿದ್ದೆ ಕೆಡಿಸಿದ್ದು ಈ ಎರಡು ಅಂಕಿಗಳು.

ನಡೆದದ್ದು ಓದುಗರಿಗೆ ನೆನಪಿರಬಹುದು. 2021-22ರಿಂದ 2024-25ರವರೆಗಿನ ಯುಪಿಐ ಪಾವತಿಗಳ ವಿವರ ಪಡೆದ ವಾಣಿಜ್ಯ ತೆರಿಗೆ ಇಲಾಖೆಯು, ಮಿತಿ ಮೀರಿಯೂ ನೋಂದಣಿ ಮಾಡಿಸದವರಿಗೆ ನೋಟಿಸ್ ಕಳುಹಿಸಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷಗಳ 1.63 ಕೋಟಿ ರೂಪಾಯಿಯ ವಹಿವಾಟಿನ ಮೇಲೆ 29 ಲಕ್ಷ ರೂಪಾಯಿಯ ನೋಟಿಸ್ ಬಂದ ಸುದ್ದಿ ಎಲ್ಲೆಡೆ ಹರಡಿತು. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ ಎಂಬುದು ಆಮೇಲೆ ಚರ್ಚೆಗೆ ಬಂತು. ಬೆಂಗಳೂರಿನ ಬೀದಿಗಳಲ್ಲಿ ಕ್ಯೂಆರ್ ಫಲಕಗಳು ಮಾಯವಾಗಿ ‘ನಗದು ಮಾತ್ರ’ ಎಂಬ ಚೀಟಿಗಳು ಅಂಟಿಕೊಂಡವು. ಜುಲೈ 25ರಂದು ಬಂದ್‌ಗೆ ಕರೆ ಬಂತು. 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವರ್ತಕರ ಸಭೆ ನಡೆಸಿ, ಹಳೆಯ ಬಾಕಿ ವಸೂಲು ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಬೇಕು ಎಂದ ಮೇಲೆ ಬಂದ್ ಕೈಬಿಡಲಾಯಿತು. ಪತ್ರಿಕೆಗಳ ಮಟ್ಟಿಗೆ ಪ್ರಕರಣ ಅಲ್ಲಿಗೆ ಮುಗಿಯಿತು.

ಚಿಕ್ಕಲಸಂದ್ರದ ಕಡೆಯಿಂದ ಉತ್ತರಹಳ್ಳಿಗೆ ಬರುವ ರಸ್ತೆಯಲ್ಲಿ ನನ್ನದೊಂದು ಜೆರಾಕ್ಸ್ ಮತ್ತು ಲೇಖನ ಸಾಮಗ್ರಿಗಳ ಅಂಗಡಿಯಿದೆ. ಈ ಕಸುಬಿನಲ್ಲಿರುವವನಿಗೆ ಊರಿನ ಕಾಗದಪತ್ರಗಳೆಲ್ಲ ಒಮ್ಮೆಯಾದರೂ ಕಣ್ಣಿಗೆ ಬೀಳುತ್ತವೆ. ಆ ಜುಲೈಯಲ್ಲಿ ಅಕ್ಕಪಕ್ಕದ ಬೇಕರಿಯವರು, ಹಾಲಿನವರು, ದಿನಸಿಯವರು ನೋಟಿಸಿನ ಪ್ರತಿ ತೆಗೆಸಲು ಬರತೊಡಗಿದರು. ನಾನು ಗಮನಿಸಿದ್ದೆಂದರೆ, ಅವರಲ್ಲಿ ಹೆಚ್ಚಿನವರು ಅದನ್ನು ಓದಿರಲಿಲ್ಲ. ಕೊನೆಯ ಸಾಲಿನ ಮೊತ್ತವನ್ನಷ್ಟೇ ನೋಡಿ, ಮಡಚಿ, ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದರು. ಒಬ್ಬರ ಜೇಬಿನಲ್ಲಿ ಅದು ಬೆವರಿಗೆ ನೆನೆದು ಮಡಿಕೆಗಳಲ್ಲಿ ಹರಿದಿತ್ತು.

ಅವರ ದಿನಚರಿ ಬಲ್ಲವರಿಗೆ ಇದು ವಿಚಿತ್ರವೆನಿಸದು. ಹಾಲಿನ ವಾಹನ ಬರುವುದು ಬೆಳಗಿನ ಐದರೊಳಗೆ. ಬಾಗಿಲೆಳೆಯುವುದು ರಾತ್ರಿ ಹತ್ತಕ್ಕೆ. ಈ ಹದಿನೇಳು ಗಂಟೆಗಳಲ್ಲಿ ಸರಕು ತರಿಸುವವನೂ ಅವನೇ, ಮಾರುವವನೂ ಅವನೇ, ಸಾಲ ಕೊಟ್ಟು ಮುಜುಗರದಿಂದ ವಸೂಲು ಮಾಡುವವನೂ ಅವನೇ. ಇದರ ಮೇಲೆ ವ್ಯಾಪಾರ ಪರವಾನಗಿ, ಆಹಾರ ಸುರಕ್ಷತೆಯ ನೋಂದಣಿ, ನಾಮಫಲಕದಲ್ಲಿ ಶೇಕಡ 60ರಷ್ಟು ಕನ್ನಡ, ಹನ್ನೊಂದು ತಿಂಗಳಿಗೊಮ್ಮೆ ಏರುವ ಬಾಡಿಗೆ. ಹತ್ತು ನಿಮಿಷದಲ್ಲಿ ಮನೆಬಾಗಿಲಿಗೆ ಸಾಮಾನು ತಲುಪಿಸುವ ಕಂಪನಿಗಳ ಸ್ಪರ್ಧೆ ಬೇರೆ. ಇವು ಒಂದೊಂದೂ ನ್ಯಾಯವಾದವೇ ಇರಬಹುದು. ದೊಡ್ಡ ಸಂಸ್ಥೆಯಲ್ಲಿ ಪ್ರತಿಯೊಂದಕ್ಕೂ ಒಂದು ಮೇಜು, ಒಬ್ಬ ಗುಮಾಸ್ತ ಇರುತ್ತಾರೆ. ಇಲ್ಲಿ ಎಲ್ಲವೂ ಬಂದು ಬೀಳುವುದು ಒಂದೇ ತಲೆಯ ಮೇಲೆ, ಅದೂ ಗಿರಾಕಿ ಎದುರಿಗೆ ನಿಂತಿರುವಾಗ. ಹಾಗಾಗಿ ಅರ್ಥವಾಗದ ಕಾಗದ ಜೇಬು ಸೇರುತ್ತದೆ. ಓದದ ಕಾಗದ ಓದಿದ ಕಾಗದಕ್ಕಿಂತ ಹೆಚ್ಚು ಹೆದರಿಸುತ್ತದೆ.

ಇನ್ನೊಂದು ಸಂಗತಿಯನ್ನು ಲೇಖನ ಸಾಮಗ್ರಿ ಮಾರುವವನಾಗಿ ಹೇಳಬೇಕು. ಮೊದಲು ದೀಪಾವಳಿಯ ಹೊತ್ತಿಗೆ ಖಾತೆ ಪುಸ್ತಕ, ಕಿರ್ದಿ ಪುಸ್ತಕಗಳನ್ನು ಕೊಳ್ಳಲು ಅಂಗಡಿಕಾರರು ತಪ್ಪದೆ ಬರುತ್ತಿದ್ದರು. ಹಣ ಜಮೆಯಾದುದನ್ನು ಗಟ್ಟಿಯಾಗಿ ಕೂಗಿ ಹೇಳುವ ಪುಟ್ಟ ಪೆಟ್ಟಿಗೆ ಗಲ್ಲಾದ ಪಕ್ಕಕ್ಕೆ ಬಂದ ಮೇಲೆ ಅವು ನನ್ನ ಕಪಾಟಿನಲ್ಲೇ ಧೂಳು ತಿನ್ನುತ್ತಿವೆ. ಪೆಟ್ಟಿಗೆ ಕೂಗಿತೆಂದರೆ ಲೆಕ್ಕ ಬರೆದಂತಾಯಿತು ಎಂಬ ಭಾವನೆ. ಪೆಟ್ಟಿಗೆ ಬಂದದ್ದನ್ನು ಹೇಳುತ್ತದೆಯೇ ಹೊರತು ಏಕೆ ಬಂತು ಎಂದು ಹೇಳುವುದಿಲ್ಲ.

ನೆರೆಯ ಹಾಲಿನಂಗಡಿಯವರೊಂದಿಗೆ ಒಂದು ರಾತ್ರಿ ಕುಳಿತು ಅವರ ಬ್ಯಾಂಕ್ ವಿವರವನ್ನು ಸಾಲುಸಾಲಾಗಿ ನೋಡಿದೆವು. ಮಾರಾಟದ ಹಣದ ನಡುವೆ ಚೀಟಿ ಎತ್ತಿದ ಮೊತ್ತವಿತ್ತು. ಊರಿನ ತಮ್ಮ ಹಿಂದಿರುಗಿಸಿದ ಕೈಗಡವಿತ್ತು. ನಗದು ಬೇಕೆಂದ ಪರಿಚಿತರಿಗೆ ಫೋನಿನಲ್ಲಿ ಹಾಕಿಸಿಕೊಂಡು ಗಲ್ಲಾದಿಂದ ಎಣಿಸಿಕೊಟ್ಟದ್ದಿತ್ತು. ಉಳಿದದ್ದರಲ್ಲಿ ಅರ್ಧದಷ್ಟು ತೆರಿಗೆಯಿಲ್ಲದ ಹಾಲು. ಒಂದು ಭಯಂಕರ ಮೊತ್ತವಾಗಿದ್ದದ್ದು ನಡುರಾತ್ರಿಯ ಹೊತ್ತಿಗೆ ನಾಲ್ಕು ಪರಿಚಿತ ಮೊತ್ತಗಳಾಗಿತ್ತು. ಹೊಣೆ ಪೂರ್ತಿ ಕರಗಲಿಲ್ಲ. ಹಾಲಿನ ಜೊತೆ ಬಿಸ್ಕತ್ತೂ ಮಾರಿದರೆ ಮಿತಿಯ ಲೆಕ್ಕಕ್ಕೆ ಹಾಲಿನ ಹಣವೂ ಸೇರುತ್ತದೆ ಎಂಬುದು ಕಾನೂನು. ಆದರೆ ಆ ಮನುಷ್ಯ ಮೊದಲ ಬಾರಿಗೆ ಪ್ರಶ್ನೆ ಕೇಳಲು ಆರಂಭಿಸಿದರು. ದಿಗಿಲಿನಲ್ಲಿರುವವನು ಪ್ರಶ್ನೆ ಕೇಳುವುದಿಲ್ಲ.

ಸಣ್ಣವರಿಂದ ತೆರಿಗೆಯನ್ನೇ ಕೇಳಬಾರದು ಎಂಬ ಕೂಗಿಗೆ ನನ್ನ ದನಿಯಿಲ್ಲ. ಒಂದೂವರೆ ಕೋಟಿವರೆಗೆ ವಹಿವಾಟು ಇರುವವರಿಗೆ ರಾಜಿ ತೆರಿಗೆ ಪದ್ಧತಿಯಿದೆ. ಅದರಲ್ಲಿ ಕೊಂಡು ಮಾರುವ ವ್ಯಾಪಾರಿ ತೆರಿಗೆಗೊಳಪಡುವ ಮಾರಾಟದ ಶೇಕಡ 1ರಷ್ಟು ಕಟ್ಟಬೇಕು. ಗಿರಾಕಿಯಿಂದ ವಸೂಲು ಮಾಡುವಂತಿಲ್ಲ, ಖರೀದಿಯ ಮೇಲಿನ ತೆರಿಗೆಯನ್ನು ಮರಳಿ ಪಡೆಯುವಂತಿಲ್ಲ. ಮೂರು ತಿಂಗಳಿಗೊಮ್ಮೆ ಪಾವತಿ, ವರ್ಷಕ್ಕೊಂದು ವಿವರಪಟ್ಟಿ. ನಲವತ್ತು ಲಕ್ಷದಲ್ಲಿ ಅರ್ಧ ಹಾಲಾದರೆ ಉಳಿದ ಇಪ್ಪತ್ತು ಲಕ್ಷಕ್ಕೆ ವರ್ಷಕ್ಕೆ ಇಪ್ಪತ್ತು ಸಾವಿರ, ಅಂದರೆ ದಿನಕ್ಕೆ ಐವತ್ತೈದು ರೂಪಾಯಿ. ನಾಲ್ಕು ವರ್ಷ ಮೌನವಾಗಿದ್ದು, ಆಮೇಲೆ ಎಲ್ಲವನ್ನೂ ಒಟ್ಟುಗೂಡಿಸಿ ಕೇಳುವ ಬದಲು, ಮಿತಿ ದಾಟಿದ ಮೊದಲ ವರ್ಷವೇ ಈ ಐವತ್ತೈದು ರೂಪಾಯಿಯ ಲೆಕ್ಕವನ್ನು ಒಂದು ಪುಟ ಸರಳ ಕನ್ನಡದಲ್ಲಿ ಕಳುಹಿಸಿದ್ದರೆ ಎಷ್ಟು ಮಂದಿ ತಾವಾಗಿಯೇ ಬರುತ್ತಿದ್ದರೋ.

ನಿಯಮಗಳೂ ನಿಂತಲ್ಲಿ ನಿಲ್ಲುವುದಿಲ್ಲ. 2025ರ ಸೆಪ್ಟೆಂಬರ್ 22ರಂದು ಪೆನ್ಸಿಲು, ರಬ್ಬರು, ನೋಟ್‌ಪುಸ್ತಕಗಳ ತೆರಿಗೆ ಸೊನ್ನೆಯಾಯಿತು. ಪೆನ್ನು ಶೇಕಡ 18ರಲ್ಲೇ ಉಳಿಯಿತು. ಒಳ್ಳೆಯ ಸುದ್ದಿಯೇ. ಹಾಗೆಂದು ಆ ವಾರ ಹಳೆಯ ದಾಸ್ತಾನನ್ನು ವಿಂಗಡಿಸಿ ಬೆಲೆ ತಿದ್ದುವ ಕೆಲಸವೇನೂ ಕಡಿಮೆಯಾಗಲಿಲ್ಲ.

ನನ್ನ ಮಟ್ಟಿಗೆ ನಾನು ಕಂಡುಕೊಂಡಿರುವ ಉಪಾಯ ಬಹಳ ಸರಳ. ಮಂಗಳವಾರ ಮಧ್ಯಾಹ್ನ ಎರಡರ ಮೇಲೆ ಅಂಗಡಿ ಮುಚ್ಚುತ್ತೇನೆ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ನೌಕರನಿಗೆ ವಾರದ ರಜೆ ಕೊಡಿಸುತ್ತದೆ. ತಾನೇ ನೌಕರನಾಗಿರುವ ಮಾಲೀಕನಿಗೆ ಕೊಡಿಸುವವರಿಲ್ಲ. ಆ ಅರ್ಧ ದಿನ ವಾರದ ಕಾಗದಗಳನ್ನು ಒಂದೊಂದಾಗಿ ಓದಿ, ತಿಳಿಯದ್ದನ್ನು ಬೇರೆ ಕಡತಕ್ಕೆ ಹಾಕಿ, ತೆರಿಗೆ ಸಲಹೆಗಾರರನ್ನು ಕೇಳಬೇಕಾದುದನ್ನು ಬರೆದಿಡುತ್ತೇನೆ. ಅಂಗಡಿಗೆ ಬೇರೆ ಖಾತೆ, ಮನೆಗೆ ಬೇರೆ ಖಾತೆ. ವ್ಯಾಪಾರ ನಷ್ಟವಾಗುವುದಿಲ್ಲವೇ ಎಂದರೆ, ಆಗುತ್ತದೆ. ಅದನ್ನು ಬಾಡಿಗೆ, ವಿದ್ಯುತ್ತಿನಂತೆ ಖರ್ಚಿನ ಬಾಬ್ತಿಗೆ ಸೇರಿಸಿದ್ದೇನೆ.

ಕಾಗದ ವಿಂಗಡಿಸಿದ ಮೇಲೂ ನಿದ್ದೆ ಬಾರದವರಿರುತ್ತಾರೆ. ಅದು ಲೆಕ್ಕಪರಿಶೋಧಕರು ಬಗೆಹರಿಸುವ ವಿಷಯವಲ್ಲ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ, ಉಚಿತವಾಗಿ, ಯಾವ ಹೊತ್ತಿನಲ್ಲಾದರೂ ಮಾತನಾಡಬಹುದು. ಈ ಸಂಖ್ಯೆಯನ್ನು ಮುದ್ರಿಸಿ ನನ್ನ ಜೆರಾಕ್ಸ್ ಯಂತ್ರದ ಮೇಲೆ ಅಂಟಿಸಿದ್ದೇನೆ. ಯಾರೂ ಅದರ ಬಗ್ಗೆ ಕೇಳಿಲ್ಲ. ಇಬ್ಬರು ಫೋನಿನಲ್ಲಿ ಚಿತ್ರ ತೆಗೆದುಕೊಂಡು ಹೋದರು.

ಹಾಲಿನಂಗಡಿಯವರು ನೋಂದಣಿ ಮಾಡಿಸಿ ಮೊದಲ ಮೂರು ತಿಂಗಳ ತೆರಿಗೆ ಕಟ್ಟಿದ್ದಾರೆ. ಅವರ ಮಗಳು ದಿನದ ಲೆಕ್ಕವನ್ನು ಹಾಲು, ಇತರೆ, ಮನೆ ಎಂದು ಮೂರು ಕಾಲಮ್ಮುಗಳಲ್ಲಿ ಬರೆಯುತ್ತಾಳೆ. ಅದಕ್ಕಾಗಿ ಇನ್ನೂರು ಪುಟದ ಪುಸ್ತಕವೊಂದನ್ನು ನನ್ನಲ್ಲೇ ಕೊಂಡರು. ಮಧ್ಯಾಹ್ನ ಅಂಗಡಿ ಮುಚ್ಚುವ ಮಾತನ್ನು ಮಾತ್ರ ಅವರಿನ್ನೂ ಒಪ್ಪಿಲ್ಲ.