ಒಂದು ಸಲಕ್ಕೆ ಒಂದೇ ಹಾಳೆ



ಮಳೆಗಾಲದಲ್ಲಿ ಸೋಲೂರಿನ ಕಡೆಯ ಯಾವುದೇ ಮನೆಯಲ್ಲಿ ಕಾಗದದ ಕಟ್ಟಿನಿಂದ ಒಂದೇ ಒಂದು ಹಾಳೆಯನ್ನು ಬೇರ್ಪಡಿಸಿ ನೋಡಿ. ಸುಲಭವಾಗಿ ಬರುವುದಿಲ್ಲ. ಎರಡು ಬರುತ್ತವೆ, ಕೆಲವೊಮ್ಮೆ ಮೂರು. ಲಕೋಟೆಯ ಕಟ್ಟನ್ನು ಬಿಚ್ಚಿದರೆ ಇನ್ನೂ ಕಷ್ಟ. ಯಾರೂ ನಾಲಿಗೆ ತಾಗಿಸದೆಯೇ, ನೀರು ಹಚ್ಚದೆಯೇ ಲಕೋಟೆಗಳು ತಾವಾಗಿಯೇ ಅಂಟಿಕೊಂಡಿರುತ್ತವೆ. ಪಿಂಚಣಿಯ ಮನವಿ, ಕೆಲಸದ ಅರ್ಜಿ, ದೂರದಲ್ಲಿರುವ ಮಗನಿಗೆ ಬರೆದ ಕಾಗದ ಇವೆಲ್ಲ ಸಿದ್ಧವಾಗಿದ್ದರೂ ಹಾಕಲು ಲಕೋಟೆ ಇರುವುದಿಲ್ಲ. ಇನ್ನೊಂದು ತರಲು ಉದಕಮಂಡಲಕ್ಕೆ ಹೋಗಿ ಬಂದರೆ ಅರ್ಧ ದಿನದ ಕೂಲಿ ಹೋಯಿತು. ಕಡೆಯ ದಿನಾಂಕವಿರುವ ಅರ್ಜಿಯಾದರೆ ಹೋಗುವುದು ಕೂಲಿ ಮಾತ್ರವಲ್ಲ.

ಈ ತೊಂದರೆಗೆ ಯಂತ್ರ ಬಲ್ಲವರು ಕಂಡುಕೊಂಡ ಉಪಾಯವೊಂದಿದೆ. ಮೇಜಿನ ಮೇಲೆ ಇಡುವ ಒಂದು ಪೆಟ್ಟಿಗೆ. ಒಂದು ಹಿಡಿ ಒತ್ತಿದರೆ ಬರೆಯುವ ಹಾಳೆ ಒಂದು ಹೊರಗೆ ಬರಬೇಕು. ಇನ್ನೊಂದು ಹಿಡಿ ಒತ್ತಿದರೆ ಲಕೋಟೆ ಒಂದು ಬರಬೇಕು. ವಿದ್ಯುತ್ತು ಬೇಡ, ಕೈಯ ಬಲವೇ ಸಾಕು. ಇಂಥ ಪೆಟ್ಟಿಗೆ ಹೇಗೆ ಕೆಲಸ ಮಾಡುತ್ತದೆ, ನಮ್ಮ ಮಂಜಿನ ಊರಿನಲ್ಲಿ ಅದು ಎಲ್ಲಿ ಸೋಲುತ್ತದೆ, ಅದರಿಂದ ನಾವು ಮನೆಯಲ್ಲಿ ಏನು ಕಲಿಯಬಹುದು ಎಂಬುದನ್ನು ಇಂದು ನೋಡೋಣ.

ಮೊದಲು ಲಕೋಟೆಯ ಮಾತು. ಹಾಳೆ ಬೇರೆ, ಲಕೋಟೆ ಬೇರೆ ಎಂಬ ರೂಢಿ ಬಹಳ ಹಳೆಯದಲ್ಲ. ಇಂಗ್ಲೆಂಡಿನಲ್ಲಿ 1840ಕ್ಕೆ ಮೊದಲು ಅಂಚೆಯ ದರವನ್ನು ಹಾಳೆಗಳ ಎಣಿಕೆಯ ಮೇಲೆ ಮತ್ತು ದೂರದ ಮೇಲೆ ಹಾಕುತ್ತಿದ್ದರು. ಲಕೋಟೆಯನ್ನೂ ಒಂದು ಹಾಳೆಯೆಂದೇ ಎಣಿಸುತ್ತಿದ್ದುದರಿಂದ ಅದನ್ನು ಬಳಸಿದರೆ ದರ ಎರಡು ಪಟ್ಟು. ಹಾಗಾಗಿ ಜನ ಬರೆದ ಹಾಳೆಯನ್ನೇ ಮಡಿಸಿ, ಅರಗಿನ ಮುದ್ರೆ ಒತ್ತಿ, ಅದರ ಬೆನ್ನಿಗೇ ವಿಳಾಸ ಬರೆದು ಕಳಿಸುತ್ತಿದ್ದರು. 1840ರಲ್ಲಿ ರೋಲೆಂಡ್ ಹಿಲ್ ಅವರ ಸಲಹೆಯಂತೆ ತೂಕದ ಮೇಲೆ ದರ ಬಂದಿತು. ಅಲ್ಲಿಂದ ಲಕೋಟೆಗೆ ಬೇಡಿಕೆ ಹೆಚ್ಚಿತು. ಅವರ ಅಣ್ಣ ಎಡ್ವಿನ್ ಹಿಲ್ ಮತ್ತು ವಾರೆನ್ ಡಿ ಲಾ ರೂ ಎಂಬವರು 1845ರಲ್ಲಿ ಲಕೋಟೆ ಮಡಿಸುವ ಯಂತ್ರಕ್ಕೆ ಹಕ್ಕುಪತ್ರ ಪಡೆದರು. 1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನದಲ್ಲಿ ಡಿ ಲಾ ರೂ ಅವರ ಯಂತ್ರವನ್ನು ಜನ ನಿಂತು ನೋಡಿದರು. ನಮ್ಮ ದೇಶದಲ್ಲಿ 1854ರ ಅಕ್ಟೋಬರ್ 1ರಿಂದ, ದೂರ ಎಷ್ಟೇ ಇರಲಿ, ಕಾಲು ತೊಲ ತೂಕದ ಕಾಗದಕ್ಕೆ ಅರ್ಧ ಆಣೆ ಎಂಬ ಒಂದೇ ದರ ಜಾರಿಗೆ ಬಂದಿತು.

ಹೀಗೆ ಲಕೋಟೆ ಅಗ್ಗವಾದ ಮೇಲೆ ಬರೆಯುವ ಮೇಜಿನ ಮೇಲೆ ಹಾಳೆಗೂ ಲಕೋಟೆಗೂ ಬೇರೆ ಬೇರೆ ಗೂಡುಗಳುಳ್ಳ ಮರದ ಪೆಟ್ಟಿಗೆಗಳು ಬಂದವು. ಕೆಲವು ಪೆಟ್ಟಿಗೆಗಳಲ್ಲಿ ಮುಚ್ಚಳ ತೆರೆಯುತ್ತಿದ್ದಂತೆ ಒಳಗಿನ ಗೂಡುಗಳು ಕೀಲಿನ ಮೇಲೆ ಮುಂದಕ್ಕೆ ಬಾಗಿ ಕೈಗೆ ಸಿಗುವಂತೆ ಮಾಡಿರುತ್ತಿದ್ದರು. ಆದರೆ ಹಾಳೆಯನ್ನು ಎತ್ತಿಕೊಳ್ಳುವುದು ಬೆರಳಿನ ಕೆಲಸವಾಗಿಯೇ ಉಳಿಯಿತು. ಅದನ್ನೂ ಯಂತ್ರವೇ ಮಾಡಬೇಕಾದರೆ ಒಂದು ದೊಡ್ಡ ಪ್ರಶ್ನೆಗೆ ಉತ್ತರ ಬೇಕು. ನೂರು ಹಾಳೆಗಳ ಕಟ್ಟಿನಲ್ಲಿ ಮೇಲಿನದನ್ನು ಮಾತ್ರ ಎಳೆಯುವುದು ಹೇಗೆ?

ಉತ್ತರ ಘರ್ಷಣೆಯಲ್ಲಿದೆ. ರಬ್ಬರಿಗೂ ಕಾಗದಕ್ಕೂ ನಡುವಿನ ಹಿಡಿತ ಹೆಚ್ಚು. ಕಾಗದಕ್ಕೂ ಕಾಗದಕ್ಕೂ ನಡುವಿನ ಹಿಡಿತ ಕಡಿಮೆ. ಆದ್ದರಿಂದ ಕಟ್ಟಿನ ಮೇಲೆ ರಬ್ಬರಿನ ಉರುಳೆಯೊಂದನ್ನು ಹಗುರವಾಗಿ ಒತ್ತಿ ತಿರುಗಿಸಿದರೆ ಮೇಲಿನ ಹಾಳೆ ಉರುಳೆಯ ಜೊತೆ ಹೋಗುತ್ತದೆ, ಕೆಳಗಿನದು ನಿಲ್ಲುತ್ತದೆ. ನೋಟು ಎಣಿಸುವವರು ಹೆಬ್ಬೆರಳನ್ನು ಒದ್ದೆ ಸ್ಪಂಜಿಗೆ ತಾಗಿಸಿಕೊಳ್ಳುವುದೂ ಇದೇ ಕಾರಣಕ್ಕೆ. ಬೆರಳಿನ ಹಿಡಿತ ಹೆಚ್ಚಾದರೆ ಒಂದೇ ನೋಟು ಜಾರಿ ಬರುತ್ತದೆ.

ಇದಕ್ಕೆ ಸಹಾಯವಾಗಿ ಎರಡು ಸಣ್ಣ ತಗಡಿನ ತುಂಡುಗಳು ಹಾಳೆಯ ಮುಂದಿನ ಎರಡು ಮೂಲೆಗಳನ್ನು ಹಿಡಿದಿರುತ್ತವೆ. ಉರುಳೆ ತಳ್ಳಿದಾಗ ಮೇಲಿನ ಹಾಳೆಯ ಮೂಲೆ ತಗಡಿಗೆ ತಡೆದು, ಸ್ವಲ್ಪ ಉಬ್ಬಿ, ಥಟ್ಟನೆ ಬಿಡಿಸಿಕೊಂಡು ಮೇಲಕ್ಕೆ ಬರುತ್ತದೆ. ಆ ಉಬ್ಬಿನಲ್ಲಿ ಅದಕ್ಕೂ ಕೆಳಗಿನ ಹಾಳೆಗೂ ನಡುವೆ ಗಾಳಿ ಹೊಗುತ್ತದೆ. ಗಾಳಿ ಹೊಕ್ಕಿತೆಂದರೆ ಬೇರ್ಪಟ್ಟಂತೆಯೇ. ಕಚೇರಿಗಳಲ್ಲಿ ಸೈಕ್ಲೋಸ್ಟೈಲ್ ಮಾಡುತ್ತಿದ್ದವರು ಕಾಗದದ ಕಟ್ಟನ್ನು ಯಂತ್ರಕ್ಕೆ ಹಾಕುವ ಮೊದಲು ಎರಡೂ ಕೈಯಲ್ಲಿ ಹಿಡಿದು ಬಾಗಿಸಿ, ಅಂಚನ್ನು ಬೆರಳಿನಿಂದ ಸವರಿ ಬಿಡುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಅದೂ ಗಾಳಿ ಹೊಗಿಸುವ ಕೆಲಸವೇ. ಜೆರಾಕ್ಸ್ ಅಂಗಡಿಯವರು ಈಗಲೂ ಹಾಗೆ ಮಾಡುತ್ತಾರೆ.

ಹಿಡಿಯನ್ನು ಒಮ್ಮೆ ಒತ್ತಿದರೆ ಉರುಳೆ ಒಂದು ಹಾಳೆಯಷ್ಟೇ ತಿರುಗಬೇಕು. ಹಿಡಿ ಹಿಂದಕ್ಕೆ ಬರುವಾಗ ಉರುಳೆಯೂ ಹಿಂದಕ್ಕೆ ತಿರುಗಬಾರದು. ಇದಕ್ಕಾಗಿ ಹಲ್ಲುಚಕ್ರ ಮತ್ತು ಅದಕ್ಕೊಂದು ಕೊಕ್ಕೆ ಇರುತ್ತದೆ. ಗೋಡೆ ಗಡಿಯಾರಕ್ಕೆ ಕೀಲಿ ಕೊಡುವಾಗ ಟಕಟಕ ಸದ್ದು ಕೇಳುತ್ತದಲ್ಲ, ಅಂಥದೇ ಏರ್ಪಾಡು.

ಇನ್ನು ಸ್ಪ್ರಿಂಗಿನ ವಿಚಾರ. ಹಾಳೆಗಳು ಖರ್ಚಾದಂತೆ ಕಟ್ಟು ತಗ್ಗುತ್ತದೆ. ಆಗ ಉರುಳೆಗೆ ಹಾಳೆ ಎಟುಕಬೇಡವೇ? ಎ-4 ಅಳತೆಯ ಹಾಳೆಯೆಂದರೆ 210 ಮಿಲಿಮೀಟರ್ ಅಗಲ, 297 ಮಿಲಿಮೀಟರ್ ಉದ್ದ. ಇಂಥ 16 ಹಾಳೆ ಸೇರಿದರೆ ಒಂದು ಚದರ ಮೀಟರ್. ಚದರ ಮೀಟರಿಗೆ 80 ಗ್ರಾಂ ತೂಗುವ ಕಾಗದವಾದರೆ ಒಂದು ಹಾಳೆ 5 ಗ್ರಾಂ. ನೂರು ಹಾಳೆ ಅರ್ಧ ಕಿಲೋ, ದಪ್ಪ ಸುಮಾರು ಒಂದು ಸೆಂಟಿಮೀಟರ್. ಆದ್ದರಿಂದ ಅರ್ಧ ಕಿಲೋ ಭಾರಕ್ಕೆ ಸರಿಯಾಗಿ ಒಂದು ಸೆಂಟಿಮೀಟರ್ ಕುಗ್ಗುವ ಸ್ಪ್ರಿಂಗನ್ನು ತಳದ ಹಲಗೆಯ ಕೆಳಗೆ ಇಟ್ಟರೆ ಸಾಕು. ನೂರು ಹಾಳೆ ತೆಗೆದಾಗ ಭಾರ ಅರ್ಧ ಕಿಲೋ ಕಡಿಮೆಯಾಗುತ್ತದೆ, ಸ್ಪ್ರಿಂಗು ಒಂದು ಸೆಂಟಿಮೀಟರ್ ಮೇಲೇಳುತ್ತದೆ, ಮೇಲಿನ ಹಾಳೆ ಮೊದಲಿದ್ದ ಮಟ್ಟದಲ್ಲೇ ಇರುತ್ತದೆ. ಯಾರೂ ಸರಿಮಾಡಬೇಕಾಗಿಲ್ಲ.

ಲಕೋಟೆಯ ಕೆಲಸ ಇಷ್ಟು ಸರಳವಲ್ಲ. ಹಾಳೆ ಎಲ್ಲ ಕಡೆ ಒಂದೇ ದಪ್ಪ. ಲಕೋಟೆಯಾದರೋ ಅಂಟಿಸಿದ ಕಡೆ ದಪ್ಪ, ನಡುವೆ ತೆಳು. ಐವತ್ತು ಲಕೋಟೆ ಜೋಡಿಸಿದರೆ ಕಟ್ಟು ಒಂದು ಕಡೆಗೆ ವಾಲುತ್ತದೆ. ಅದರ ಮೇಲೆ ಮುಚ್ಚಳದ ಅಂಚು ಸಿಕ್ಕಿಕೊಳ್ಳುತ್ತದೆ. ಅದಕ್ಕಾಗಿ ಲಕೋಟೆಯನ್ನು ಕಟ್ಟಿನ ತಳದಿಂದ ತೆಗೆಯುವುದು ವಾಸಿ. ಮೇಲೆ ಒಂದು ಸಣ್ಣ ಭಾರ ಇಟ್ಟು, ಮುಂದೆ ಕೆಳಗಡೆ ಕಿರಿದಾದ ಸೀಳು ಬಿಟ್ಟು, ಸೀಳಿನ ಮೇಲಂಚಿಗೆ ರಬ್ಬರಿನ ಪಟ್ಟಿ ತೂಗಬಿಡುತ್ತಾರೆ. ತಳದ ಲಕೋಟೆ ಜಾರಿ ಹೋಗುತ್ತದೆ, ಅದರ ಹಿಂದೆ ಬರುವ ಎರಡನೆಯದನ್ನು ರಬ್ಬರು ತಡೆಯುತ್ತದೆ. ಮಡಿಕೆಯ ಅಂಚು ಮುಂದಾಗಿ ಇಡಬೇಕು, ತೆರೆದ ಅಂಚು ಹಿಂದಿರಬೇಕು. ಇಲ್ಲವಾದರೆ ಮುಚ್ಚಳವೇ ಸೀಳಿಗೆ ತಡೆದು ಹರಿಯುತ್ತದೆ.

ಇದನ್ನೆಲ್ಲ ಕೇಳಿ ಇದು ಎಲ್ಲೋ ಇರುವ ಯಂತ್ರದ ಕಥೆ ಎಂದುಕೊಳ್ಳಬೇಡಿ. ಕಂಪ್ಯೂಟರಿನ ಪ್ರಿಂಟರಿನ ಹೊಟ್ಟೆಯಲ್ಲೂ ಜೆರಾಕ್ಸ್ ಯಂತ್ರದ ತಟ್ಟೆಯಲ್ಲೂ ಇರುವುದು ಇದೇ ಸ್ಪ್ರಿಂಗು, ಇದೇ ಉರುಳೆ, ಇದೇ ರಬ್ಬರಿನ ತಡೆ. ಭಾರತಕ್ಕೆ 1987ರಲ್ಲಿ ಮುಂಬಯಿಯಲ್ಲಿ ಮೊದಲು ಬಂದ ಎ.ಟಿ.ಎಂ. ಯಂತ್ರವೂ ಬಿಡಿಸಬೇಕಾಗಿದ್ದುದು ಇದೇ ಲೆಕ್ಕವನ್ನು. ಅಲ್ಲಿ ಎರಡು ನೋಟು ಒಟ್ಟಿಗೆ ಹೋದರೆ ನಷ್ಟವಾದ್ದರಿಂದ ಹೋಗುವ ನೋಟಿನ ದಪ್ಪವನ್ನು ಯಂತ್ರ ಅಳೆಯುತ್ತದೆ; ಹೆಚ್ಚು ಕಂಡರೆ ಹೊರಗೆ ಬಿಡದೆ ಬೇರೆ ಡಬ್ಬಿಗೆ ಹಾಕುತ್ತದೆ.

ಆದರೆ ಇಂಥ ಎಲ್ಲ ಯಂತ್ರಗಳಿಗೂ ಒಬ್ಬ ಶತ್ರು ಇದ್ದಾನೆ, ಅವನು ನಮ್ಮ ಊರಿನವನೇ. ಅವನೇ ತೇವ. ಕಾಗದ ಮರದ ಅಥವಾ ಬಿದಿರಿನ ನಾರಿನಿಂದ ಆದದ್ದು. ದಾಂಡೇಲಿಯ ಕಾರ್ಖಾನೆಯಿಂದ ಬರಲಿ, ಬೇರೆಲ್ಲಿಂದಲೇ ಬರಲಿ, ಆ ನಾರು ಗಾಳಿಯ ನೀರನ್ನು ಕುಡಿಯುವುದನ್ನು ಬಿಡುವುದಿಲ್ಲ. ಟೀ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದವರಿಗೆ ಇದು ಹೊಸದಲ್ಲ. ಚೆನ್ನಾಗಿ ಒಣಗಿಸಿದ ಟೀ ಪುಡಿಯನ್ನು ಮಂಜಿನ ದಿನ ತೆರೆದಿಟ್ಟರೆ ಗರಿಗರಿ ಹೋಗಿ ಮೆತ್ತಗಾಗುತ್ತದೆ. ಕಾಗದವೂ ಹಾಗೆಯೇ. ಸಾಧಾರಣ ಹವೆಯಲ್ಲಿ ಅದರ ತೂಕದ ನೂರಕ್ಕೆ ಸುಮಾರು 6 ಭಾಗ ನೀರಿದ್ದರೆ, ಮಂಜು ಮುಸುಕಿದ ದಿನಗಳಲ್ಲಿ ಅದು 12ರವರೆಗೂ ಏರಬಹುದು. ಆಗ ಹಾಳೆ ಮೆತ್ತಗಾಗುತ್ತದೆ, ಮೂಲೆಯ ತಗಡಿಗೆ ತಡೆದರೂ ಉಬ್ಬುವುದಿಲ್ಲ, ಗಾಳಿ ಹೊಗುವುದಿಲ್ಲ. ಎರಡು ಹಾಳೆ ಒಟ್ಟಿಗೆ ಬರುತ್ತವೆ. ಮಕರಮಾಸದ ಹಿಮ ಬೀಳುವ ಒಣ ದಿನಗಳಲ್ಲಿ ಇದಕ್ಕೆ ತಿರುಗುಮುರುಗು. ಆಗ ಹಾಳೆಗಳು ಉಜ್ಜಿದಾಗ ಹುಟ್ಟುವ ವಿದ್ಯುತ್ತಿನಿಂದ ಒಂದಕ್ಕೊಂದು ಹತ್ತಿಕೊಳ್ಳುತ್ತವೆ.

ಲಕೋಟೆಯ ಗೋಂದಿಗೆ ತೇವ ಇನ್ನೂ ಕೆಟ್ಟದ್ದು. ಆ ಗೋಂದನ್ನು ಮಾಡಿರುವುದೇ ನೀರು ತಾಗಿದರೆ ಅಂಟಲಿ ಎಂದು. ನೀರು ನಾಲಿಗೆಯಿಂದ ಬಂದಿತೋ ಮಂಜಿನಿಂದ ಬಂದಿತೋ ಅದಕ್ಕೆ ಗೊತ್ತಾಗುವುದಿಲ್ಲ. 1950ರ ಅಕ್ಟೋಬರ್ 2ರಂದು ನಮ್ಮ ಅಂಚೆ ಇಲಾಖೆ ಇನ್‌ಲ್ಯಾಂಡ್ ಕಾಗದವನ್ನು ತಂದಾಗ ಹಾಳೆಯೂ ಲಕೋಟೆಯೂ ಒಂದೇ ಆಗಿ, ಎರಡನ್ನು ಬೇರೆ ಬೇರೆ ಎತ್ತಿಕೊಳ್ಳುವ ಕಷ್ಟ ತಪ್ಪಿತು. ಆದರೆ ಅದರ ಅಂಚುಗಳಲ್ಲೂ ಗೋಂದಿತ್ತು. ಮಳೆಗಾಲದ ಕಷ್ಟ ತಪ್ಪಲಿಲ್ಲ. 1879ರ ಜುಲೈ 1ರಂದು ಬಂದ ಪೋಸ್ಟ್ ಕಾರ್ಡು ಮಾತ್ರ ಮಂಜಿಗೆ ಹೆದರಬೇಕಾಗಿಲ್ಲ. ಅದಕ್ಕೆ ಮುಚ್ಚಳವೂ ಇಲ್ಲ, ಗೋಂದೂ ಇಲ್ಲ, ಗುಟ್ಟೂ ಇಲ್ಲ.

ತೇವದಿಂದ ಇನ್ನೊಂದು ನಷ್ಟವಿದೆ. ಮೊದಲ ದರದ ಪತ್ರಕ್ಕೆ ತೂಕದ ಮಿತಿ 20 ಗ್ರಾಂ. ಮೂರು ಎ-4 ಹಾಳೆ 15 ಗ್ರಾಂ, ಉದ್ದನೆಯ ಲಕೋಟೆ ಒಂದು ಸುಮಾರು ನಾಲ್ಕೂವರೆ ಗ್ರಾಂ, ಒಟ್ಟು ಹತ್ತೊಂಬತ್ತೂವರೆ. ಬೇಸಿಗೆಯಲ್ಲಿ ಇದು ಮಿತಿಯೊಳಗೆ ಹೋಗುತ್ತದೆ. ಆಷಾಢದಲ್ಲಿ ಇದೇ ಪತ್ರ ನೂರಕ್ಕೆ ಆರು ಭಾಗ ಹೆಚ್ಚು ನೀರು ಕುಡಿದರೆ ಒಂದು ಗ್ರಾಮಿಗಿಂತ ಹೆಚ್ಚು ಭಾರವಾಗಿ ಮಿತಿ ದಾಟುತ್ತದೆ. ಕಡಿಮೆ ಅಂಚೆಚೀಟಿಯ ಪತ್ರಕ್ಕೆ ದಂಡ ಕೇಳುವುದು ಅಂಚೆಯ ಹಳೆಯ ನಿಯಮ, ಆ ದಂಡ ಬೀಳುವುದು ಪಡೆಯುವವರ ಮೇಲೆ. ಅದನ್ನು ಕೊಡಲು ಅವರು ಒಪ್ಪದಿದ್ದರೆ ನಿಮ್ಮ ಅರ್ಜಿ ಓದುವವರ ಕೈ ಸೇರಲೇ ಇಲ್ಲ. ಆದ್ದರಿಂದ ಮಳೆಗಾಲದಲ್ಲಿ ಮೂರು ಹಾಳೆಯ ಪತ್ರವನ್ನು ಅಂಚೆ ಕಚೇರಿಯಲ್ಲಿ ತೂಗಿಸಿಯೇ ಚೀಟಿ ಹಚ್ಚಿ.

ಈಗ ಮನೆಯಲ್ಲಿ ಮಾಡಬಹುದಾದದ್ದು. ಹಾಳೆ ಲಕೋಟೆಗಳನ್ನು ಬಿಗಿ ಮುಚ್ಚಳದ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿಡಿ. ಔಷಧಿಯ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣವನ್ನು ಎಸೆಯದೆ ಅದರೊಳಗೆ ಹಾಕಿ; ಮಕ್ಕಳ ಕೈಗೆ ಮಾತ್ರ ಸಿಗದಂತೆ ನೋಡಿಕೊಳ್ಳಿ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ ನಿಜ, ಆದರೆ ಹೊಗೆಯಿಂದ ಕಾಗದ ಹಳದಿಯಾಗುತ್ತದೆ. ಡಬ್ಬಿಯಲ್ಲಿಟ್ಟು ಅಟ್ಟಕ್ಕೇರಿಸಿದರೆ ತೊಂದರೆಯಿಲ್ಲ. ಪ್ರತಿ ಲಕೋಟೆಯ ಮುಚ್ಚಳದ ಕೆಳಗೆ ಎಣ್ಣೆ ಕಾಗದದ ಪಟ್ಟಿಯೊಂದನ್ನು ಸೇರಿಸಿಡಿ. ಗೋಂದಿಲ್ಲದ ಲಕೋಟೆ ಕೊಂಡು, ಬೇಕಾದಾಗ ಮೈದಾ ಅಂಟು ಹಚ್ಚುವುದು ಎಲ್ಲಕ್ಕಿಂತ ಒಳ್ಳೆಯದು. ಅಂಟಿಹೋದ ಲಕೋಟೆಯನ್ನು ಕಿತ್ತು ಹರಿಯಬೇಡಿ. ಕುದಿಯುವ ನೀರಿನ ಆವಿಗೆ ಸ್ವಲ್ಪ ಹೊತ್ತು ಹಿಡಿದರೆ ಬಿಟ್ಟುಕೊಳ್ಳುತ್ತದೆ.

ಕೈಕೆಲಸ ಬಲ್ಲವರು ಲಕೋಟೆಯ ಪೆಟ್ಟಿಗೆಯನ್ನೂ ಮಾಡಬಹುದು. ಉದ್ದನೆಯ ಲಕೋಟೆಯ ಅಳತೆ 220ಕ್ಕೆ 110 ಮಿಲಿಮೀಟರ್. ಒಳಗೆ 225ಕ್ಕೆ 115 ಇರುವಂತೆ ತೆಳು ಹಲಗೆಯ ಪೆಟ್ಟಿಗೆ ಮಾಡಿ, ಮುಂದೆ ತಳದಲ್ಲಿ ಉದ್ದಕ್ಕೂ ಎರಡು ಮೂರು ಮಿಲಿಮೀಟರ್ ಸೀಳು ಬಿಡಿ. ಸೀಳಿನ ಮೇಲೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯನ್ನು ಅದರ ಅಂಚು ತಳವನ್ನು ಮುಟ್ಟುವಂತೆ ಹೊಡೆಯಿರಿ. ತಳದ ಹಲಗೆಯ ನಡುವೆ ಬೆರಳು ತೂರುವಷ್ಟು ಒಂದು ಗಂಡಿ, ಪೆಟ್ಟಿಗೆಯ ಕೆಳಗೆ ಕೈ ಹೋಗುವಂತೆ ನಾಲ್ಕು ಕಾಲು. ಕೆಳಗಿನಿಂದ ಬೆರಳಿನಲ್ಲಿ ಮುಂದಕ್ಕೆ ತಳ್ಳಿದರೆ ಲಕೋಟೆ ಹೊರಗೆ ಇಣುಕುತ್ತದೆ.

ಇದು ಆಟದ ಸಾಮಾನಲ್ಲ. ಚಳಿಗೆ ಬೆರಳು ಮರಗಟ್ಟಿದ ಅಜ್ಜಿಗೆ, ಕೈ ನಡುಗುವ ತಾತನಿಗೆ, ಕಣ್ಣು ಕಾಣದವರಿಗೆ ಕಟ್ಟಿನಿಂದ ಒಂದು ಲಕೋಟೆ ತೆಗೆಯುವುದೇ ದೊಡ್ಡ ಕೆಲಸ. ಅದಕ್ಕೂ ಇನ್ನೊಬ್ಬರನ್ನು ಕರೆಯಬೇಕಾದರೆ ಎಷ್ಟೋ ಕಾಗದಗಳು ಮನಸ್ಸಿನಲ್ಲೇ ಉಳಿದುಬಿಡುತ್ತವೆ.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ವಿಳಾಸವನ್ನು ಕನ್ನಡದಲ್ಲಿ ಬರೆದರೂ ಆರು ಅಂಕಿಯ ಪಿನ್ ಕೋಡನ್ನು ಬಿಡಬೇಡಿ. 1972ರ ಆಗಸ್ಟ್ 15ರಂದು ಬಂದ ಈ ಅಂಕಿ ಯಾವ ಲಿಪಿ ಬಲ್ಲವರಿಗೂ ತಿಳಿಯುತ್ತದೆ. ನಮ್ಮ ನೀಲಗಿರಿಯ ಅಂಕಿ 643ರಿಂದ ಆರಂಭ. ಬೇರೆ ಭಾಷೆಯ ನಾಡಿನಲ್ಲಿ ವಾರಕ್ಕೊಮ್ಮೆ ಕೇಳಿಬರುವ ಕನ್ನಡದ ಕಾರ್ಯಕ್ರಮವನ್ನು ಯಾರು ಕೇಳುತ್ತಾರೆ ಎಂದು ಯಾರಾದರೂ ಕೇಳಿದರೆ ತೋರಿಸಲು ಇರುವುದು ನಿಮ್ಮ ಕಾಗದಗಳೇ. ಮಂಜಿಗೆ ಅಂಟಿಹೋದ ಒಂದು ಲಕೋಟೆಯಿಂದ ಅದು ನಿಲ್ಲದಿರಲಿ.