ಮೂವತ್ತು ವ್ಯಾಟಿನ ಅಶರೀರವಾಣಿ

ಮೈಸೂರಿನ ಒಂಟಿಕೊಪ್ಪಲಿನಲ್ಲಿ ‘ವಿಠ್ಠಲ ವಿಹಾರ’ ಎಂಬ ಮನೆ. ಯಜಮಾನರು ಎಂ.ವಿ. ಗೋಪಾಲಸ್ವಾಮಿ, ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರು. 1935ರ ಸೆಪ್ಟೆಂಬರಿನಲ್ಲಿ ಅವರು ಆ ಮನೆಯಿಂದಲೇ ರೇಡಿಯೊ ಪ್ರಸಾರ ಶುರುಮಾಡಿದರು. ಟ್ರಾನ್ಸ್‌ಮಿಟರಿನ ಶಕ್ತಿ ಬರೀ 30 ವ್ಯಾಟ್. ನಾವು ನಡುಮನೆಯಲ್ಲಿ ಉರಿಸುತ್ತಿದ್ದ ಹಳೆಯ ಬಲ್ಬೇ ಅದಕ್ಕಿಂತ ಜೋರು. ನಿಲಯದ ಹೆಸರು ‘ಆಕಾಶವಾಣಿ’. ಸೂಚಿಸಿದವರು ನಾ. ಕಸ್ತೂರಿ ಎನ್ನುತ್ತಾರೆ. ‘ಅನರ್ಥಕೋಶ’ ಬರೆದು ಪದಗಳ ಕಾಲೆಳೆದವರಿಂದಲೇ ಇಷ್ಟು ಅರ್ಥವತ್ತಾದ ಪದ ಬಂದದ್ದು ತಮಾಷೆ.

ಪುರಾಣದ ಆಕಾಶವಾಣಿಗೆ ಕಂಸನೂ ಎದುರು ಮಾತಾಡುವಂತಿರಲಿಲ್ಲ. ಎಲ್ಲಿ ನೋಡಿ ಆಡಬೇಕು? ಸಮೂಹ ಸಂವಹನ ಎಂಬ ಭಾರದ ಮಾತಿನ ತಿರುಳೂ ಇದೇ. ಅರಳಿಕಟ್ಟೆಯ ಹರಟೆಯಲ್ಲಿ ಹೇಳಿದವನೇ ಮರುಗಳಿಗೆ ಕೇಳುವವನಾಗುತ್ತಾನೆ. ಪತ್ರಿಕೆ, ರೇಡಿಯೊ, ಟಿವಿಗಳಲ್ಲಿ ಒಂದು ಬಾಯಿ, ಲಕ್ಷ ಕಿವಿ. ಹಾಗಾಗಿ ಆ ಬಾಯಿ ಯಾರದು ಎಂದು ವಿಚಾರಿಸಿಕೊಳ್ಳುವುದು ಕೇಳುಗರ ಹಕ್ಕು.

ಮೈಸೂರಿನ ನಿಲಯ 1942ರಲ್ಲಿ ಸಂಸ್ಥಾನದ ಕೈಸೇರಿತು. ಸ್ವಾತಂತ್ರ್ಯ ಬಂದಮೇಲೆ ಕೇಂದ್ರ ಸರ್ಕಾರದ್ದಾಯಿತು. ಐವತ್ತರ ದಶಕದಲ್ಲಿ ಒಂಟಿಕೊಪ್ಪಲಿನ ನಿಲಯದ ಹೆಸರನ್ನೇ ಇಡೀ ದೇಶದ ರೇಡಿಯೊ ಇಟ್ಟುಕೊಂಡಿತು. ಸರ್ಕಾರದ ಬಾಯಿ ಎಂದು ಮೂಗು ಮುರಿಯುವುದು ಸುಲಭ. ಆದರೆ ಅರವತ್ತರ ದಶಕದಲ್ಲಿ ತಂಜಾವೂರಿನ ರೈತರು ಎಡಿಟಿ–27 ಎಂಬ ಹೊಸ ಭತ್ತದ ತಳಿಯ ಬಗ್ಗೆ ಕೇಳಿದ್ದು ರೇಡಿಯೊದಲ್ಲಿ. ಅಂಕಿ ಸಂಖ್ಯೆ ಬಿಟ್ಟು ಅದನ್ನು ‘ರೇಡಿಯೊ ಭತ್ತ’ ಎಂದೇ ಕರೆದರು. ಬಿತ್ತುವವನು ನಂಬಿದ ಮೇಲೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಯಾವ ಮಾಧ್ಯಮಕ್ಕಿದೆ?

ಅಷ್ಟಾದರೂ ರೈತ ಕೇಳುವ ಕಡೆಯೇ ಉಳಿದ. ಪ್ರಸಾರ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1995ರಲ್ಲಿ. ತೀರ್ಪು ಬಂತು, ಹಳ್ಳಿಯವರ ಕೈಗೆ ಲೈಸೆನ್ಸ್ ಬರಲಿಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಕೆಲವರು ಅದಕ್ಕೂ ಉಪಾಯ ಕಂಡುಕೊಂಡರು. ಗಾಳಿಯಲ್ಲಿ ಕಳಿಸಿದರೆ ತಾನೆ ಕಾನೂನು ಅಡ್ಡ? ಕೇಬಲ್ಲಿನಲ್ಲಿ ಕಳಿಸೋಣ! ಈ ಶತಮಾನದ ಮೊದಲ ವರ್ಷಗಳಲ್ಲಿ ಹೀಗೆ ತಂತಿಯ ಮೇಲೆ ಮನೆಮನೆಗೆ ಹರಿದದ್ದು ‘ನಮ್ಮ ಧ್ವನಿ’. ಸ್ವಯಂಸೇವಾ ಸಂಸ್ಥೆಗಳು ಬೆನ್ನಿಗೆ ನಿಂತವು, ಸ್ವಸಹಾಯ ಸಂಘದ ಹೆಂಗಸರು ಮೈಕಿನ ಮುಂದೆ ಕೂತರು. ಸರ್ಕಾರೇತರ ಸಂಸ್ಥೆಗಳು ಸಮುದಾಯ ರೇಡಿಯೊ ನಡೆಸಲು ಅನುಮತಿ ಸಿಕ್ಕಿದ್ದು 2006ರಲ್ಲಿ.

ಬೂದಿಕೋಟೆಯ ಅಶರೀರವಾಣಿಗೆ ಶರೀರವಿತ್ತು. ಎದುರು ಮನೆಯಾಕೆಯ ದನಿ, ಊರಿಗೆಲ್ಲ ಗುರುತು. ಒಮ್ಮೆ ಊರಿನಲ್ಲಿ ಕುಡಿಯುವ ನೀರಿಗೆ ತತ್ವಾರವಾದಾಗ ಹೆಂಗಸರು ತಮ್ಮ ಗೋಳನ್ನು ಇದೇ ರೇಡಿಯೊದಲ್ಲಿ ಹೇಳಿಕೊಂಡರು. ಅರ್ಜಿಯಾದರೆ ಫೈಲಿನೊಳಗೆ ಮಲಗಿಸಬಹುದಿತ್ತು. ಇದನ್ನು ಊರೇ ಕೇಳಿಸಿಕೊಂಡಿತ್ತು. ಅಧಿಕಾರಿಗಳು ಎದ್ದುಬಿದ್ದು ನೀರು ಬಿಡಿಸಿದರು.